ಕೌದಿಯ ನಾಲ್ಕನೆಯ ಮೂಲೆ

ಹೈರಿಡ್ಜ್, ನೈರೋಬಿ
೧೪ ಮಾರ್ಚ್ ೨೦೨೫

ಮುದ್ದು ಜಾಹ್ನವಿಗೆ,

ಅಮ್ಮನ ಆಶೀರ್ವಾದ. ನನ್ನ ಫೋನ್ ಎತ್ತಬಾರದೆಂದು ಹಟ ಹಿಡಿದಿದ್ದೀಯ. ಮೆಸೇಜ್ ಮಾಡಿದರೆ ಇಂಗ್ಲಿಷಿನಲ್ಲಿ ಒಂದು ಪದ ಎಸೆಯುತ್ತೀಯ. ಅದಕ್ಕೇ ಬೆಂಗಳೂರಿಗೆ ಹೊರಟಿರುವ ರಾಮಚಂದ್ರ ಅವರ ಕೈಯಲ್ಲಿ ಈ ಕಾಗದ ಕೊಟ್ಟಿದ್ದೇನೆ. ಕನ್ನಡ ಓದಲು ಕಲಿಸಿದವಳು ನಾನು, ಓದುತ್ತೀಯ.

ಸೋಮವಾರ ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಮ್ಮ ಮನೆಗೆಲಸದ ಫ್ಲಾವಿಯಾ ಬರುವುದಿಲ್ಲ. ನೀನು ಕಳಿಸಿದ ಟಿಕೆಟ್ ದಂಡವಾಯಿತು.

ಎಲ್ಲರ ಮಕ್ಕಳೂ ವಕೀಲರಾಗುತ್ತಾರೆ, ಸೋದರಮಾವನನ್ನೇ ಜೈಲಿಗೆ ಕಳಿಸಲು ಓದಿದವಳು ನೀನೊಬ್ಬಳೇ. ಅಪ್ಪ ಹೋದ ಮೇಲೆ ನನ್ನ ಮದುವೆ ಮಾಡಿಸಿದವನು ನನ್ನಣ್ಣ ಸೂರ್ಯನಾರಾಯಣ. ಅವನಿಗೆ ಬೇಡಿ ಹಾಕುವುದನ್ನು ನೋಡಿ ನಾನು ಬದುಕಲಾರೆ, ಅಷ್ಟು ತಿಳಿದುಕೋ.

ಹಳಿಯಾಳದ ಕಡೆಯ ನಮ್ಮೂರನ್ನು ನೀನು ರಜೆಯಲ್ಲಷ್ಟೇ ಕಂಡವಳು. ಊರಾಚೆ ಸಿದ್ದಿಯರ ಕೇರಿ. ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ತಂದವರ ಸಂತಾನ. ಬಿಡುಗಡೆಯಾದ ಮೇಲೆ ಕಾಡಂಚಿಗೆ ಬಂದು, ನಮ್ಮ ಗದ್ದೆಯಲ್ಲಿ ದುಡಿದು, ನಮ್ಮ ಹಿತ್ತಲಲ್ಲಿ ಉಂಡು, ತಲೆಮಾರುಗಟ್ಟಲೆ ತೆಪ್ಪಗಿದ್ದರು. ಆಮೇಲೆ ಸರ್ಕಾರ ಅವರ ಹೆಸರಿಗೆ ಜಮೀನಿನ ಪಟ್ಟಾ ಕೊಟ್ಟಿತು. ಫ್ಲಾವಿಯಾಳ ಅಣ್ಣ ಲಾರೆನ್ಸ್ ನಮ್ಮ ಜಗಲಿಗೆ ಬಂದು, ಕುರ್ಚಿ ಎಳೆದುಕೊಂಡು ಕೂತು, ನಿಮ್ಮ ಬೇಲಿ ಕಿತ್ಕೊಳ್ರಿ ಅಂದನಂತೆ. ಆ ವಾರವೇ ಕೇರಿಗೆ ಬೆಂಕಿ ಬಿತ್ತು. ಲಾರೆನ್ಸನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಚಿಲಕ ತೆಗೆಯಲು ಹೋಗಿ ಫ್ಲಾವಿಯಾ ಅಂಗೈ ಸುಟ್ಟುಕೊಂಡಳು, ಲಾರೆನ್ಸ್ ಒಳಗೇ ಸುಟ್ಟುಹೋದ. ಚಿಲಕ ಹಾಕುತ್ತಿದ್ದ ನನ್ನ ಅಣ್ಣನನ್ನು ಕಂಡವಳೂ ಅವಳೊಬ್ಬಳೇ.

ಗಾಯ ಒಣಗುವ ಮೊದಲೇ ಅಣ್ಣ ಅವಳನ್ನು ನನ್ನ ಮನೆಗೆಲಸಕ್ಕೆ ವಿಮಾನ ಹತ್ತಿಸಿದ. ಸಾಕ್ಷಿಯನ್ನು ಸಾಗಹಾಕಿದಿರಿ ಎನ್ನುತ್ತೀಯ ನೀನು. ನಾನೇನು ಕಡಿಮೆ ಮಾಡಿದ್ದೆ? ಅವಳಿಗೆಂದೇ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದೆ. ಬೀದಿಯಲ್ಲಿ ಜನ ಅವಳೊಡನೆ ಸ್ವಾಹಿಲಿಯಲ್ಲಿ ಮಾತಾಡಿದರೆ ಪೆಚ್ಚಾಗಿ ನಿಲ್ಲುತ್ತಿದ್ದಳು. ನಿನ್ನಪ್ಪ ಅದನ್ನು ಹೇಳಿಕೊಂಡು ಎಷ್ಟು ನಗುತ್ತಿದ್ದರು.

ಟಿಕೆಟ್ ಬಂದ ದಿನದಿಂದ ನಿನಗಾಗಿ ಕೌದಿ ಹೊಲಿಯುತ್ತಿದ್ದಳು, ಹಳೆಯ ಬಟ್ಟೆಯ ತುಂಡುಗಳನ್ನೆಲ್ಲ ಸೇರಿಸಿ. ಮೂರು ಮೂಲೆಗೆ ಕೆಂಪು ಬಟ್ಟೆಯ ಹೂವು ಹಾಕಿದ್ದಳು, ನಾಲ್ಕನೆಯದಕ್ಕೆ ಬಟ್ಟೆ ಸಾಲಲಿಲ್ಲ. ಮೂಲೆಗೆ ಹೂವಿಲ್ಲದ ಕೌದಿಯನ್ನು ಸಿದ್ದಿಯರು ಯಾರಿಗೂ ಕೊಡುವುದಿಲ್ಲ, ಬೆತ್ತಲೆ ಕಳಿಸಿದ ಹಾಗಂತೆ. ನ್ಗಾರಾದ ಅಂಗಡಿಯಲ್ಲಿ ಸಿಗುತ್ತದೆ ಎಂದೆ. ಹೋಗಿ ಬರ್ತೇನ್ರಿ ಅಮ್ಮಾರ, ನನ್ ಪಾಸ್‌ಪೋರ್ಟ್ ಕೊಡ್ರಿ ಅಂದಳು. ಬೀರುವಿನ ಕೀಲಿ ಸಿಗುತ್ತಿಲ್ಲ, ತುಂಡು ಬಟ್ಟೆಗೆ ಪಾಸ್‌ಪೋರ್ಟ್ ಯಾಕೆ ಎಂದೆ. ಮಟಾಟು ವ್ಯಾನ್ ಹತ್ತಿ ಹೋದವಳು ತಿರುಗಿ ಬರಲಿಲ್ಲ. ನಾನೇನು ಮಾಡಲಿ ಹೇಳು?

ಬಿಡುಗಡೆಯಾದವರು ತಮ್ಮ ದೇಶಕ್ಕೆ ಹೋಗಬೇಕಿತ್ತು ಎಂದು ಅಣ್ಣ ಯಾವಾಗಲೂ ಅನ್ನುತ್ತಿದ್ದ. ಈಗ ಫ್ಲಾವಿಯಾ ಆ ದೇಶದಲ್ಲೇ ಇದ್ದಾಳಲ್ಲ. ನೀನು ಕೊರಗಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಒಳಿತನ್ನೇ ಬಯಸುವ
ಅಮ್ಮ,
ಜಯಮಾಲಾ

ಮರೆತ ಮಾತು: ಅವತ್ತು ಮಧ್ಯಾಹ್ನ ಪೊಲೀಸರ ಫೋನ್ ಬಂದಿತ್ತು. ನ್ಗಾರಾದಲ್ಲಿ ಗುರುತಿನ ಚೀಟಿ ಇಲ್ಲದವರನ್ನು ಹಿಡಿಯುತ್ತಿದ್ದಾರೆಂದು ನಮ್ಮ ಪಕ್ಕದ ಮನೆಯ ಹಂಸಾ ಆ ವಾರವೆಲ್ಲ ಎಲ್ಲರಿಗೂ ಹೇಳುತ್ತಲೇ ಇದ್ದಳು. ಒಬ್ಬ ಹೆಂಗಸು ತಾನು ಇಂಡಿಯಾದವಳು ಅನ್ನುತ್ತಾಳೆ, ನಿಮ್ಮ ನಂಬರ್ ಕೊಟ್ಟಿದ್ದಾಳೆ, ಗೊತ್ತೇ ಎಂದರು. ಹಿಂದಿನಿಂದ ಅಮ್ಮಾರ, ನಾ ರೀ, ಫ್ಲಾವಿಯಾ ಎಂದು ಕೂಗುವುದು ಕೇಳಿಸಿತು. ಹೊಡೆಯುವುದೂ ಕೇಳಿಸಿತು. ಅವಳನ್ನು ನೋಡಿದರೆ ಇಂಡಿಯಾದವಳ ಹಾಗಿದ್ದಾಳೆಯೇ ಎಂದು ಕೇಳಿದೆ. ಅವರು ನಕ್ಕರು. ಗೊತ್ತಿಲ್ಲ ಎಂದು, ಅಸಾಂಟೆ ಅಂತ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಕೌದಿಯನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ, ಹೊದ್ದುಕೋ. ನಾಲ್ಕನೆಯ ಮೂಲೆಗೆ ನಾನೇ ಹೂವು ಹೊಲಿದೆ. ಕೆಂಪು ಬಟ್ಟೆ ಬೀರುವಿನಲ್ಲೇ ಇತ್ತು, ಅವಳ ಪಾಸ್‌ಪೋರ್ಟಿನ ಕೆಳಗೆ.