ಸಾಲಿನಲ್ಲಿ ನಿಂತ ಬುಟ್ಟಿಗಳು

ಮೇ ೧೪, ಮಂಗಳವಾರ. ಮಧುರೈ.

ಕಣ್ಣು ಎಳೆಯುತ್ತಿದೆ. ಆದರೂ ಆ ಸೊನ್ನೆ ಮಾಳಿಗೆಯ ಮೇಲಿನ ಚಂದ್ರನ ಹಾಗೆ ತೇಲುತ್ತಲೇ ಇದೆ. ಹೊಸ ಬಸ್ ನಕ್ಷೆಯ ಸಭೆಯಲ್ಲಿ ನಮ್ಮ ಮಳೆಮರದ ನಿಲ್ದಾಣದ ಎದುರು ಬರೆದಿದ್ದ ಸೊನ್ನೆ. ಅಲ್ಲಿ ಕಾಯುವವರೇ ಇಲ್ಲವಂತೆ, ಇನ್ನು ಬಸ್ಸು ನೇರ ಹೆದ್ದಾರಿಗಂತೆ.

ಬಸ್ಸು ತಪ್ಪಿದರೆ ನನ್ನ ಎರಡು ಶೇರ್ ಆಟೋಗಳಿಗೆ ಸುಗ್ಗಿ. ಅದಕ್ಕೇ ತುಟಿ ಬಿಗಿದು ಕೂತಿದ್ದೆ. ಹಿಂದಿನಿಂದ ಪೊರಕೆ ಮಾರುವ ಪೇಚಿಯಮ್ಮ ಎದ್ದಳು.

"ನಾವು ಹನ್ನೊಂದು ಜನ ದಿನಾ ಕಾಯ್ತೀವಲ್ಲ ತಾಯೀ! ಇನ್ಮೇಲೆ ಹೊರೆ ಹೊತ್ಕೊಂಡು ಎರಡು ಮೈಲಿ ನಡೀಬೇಕಾ?"

"ಮೂರು ದಿನ ಎಣಿಸಿದೀವಿ ಅಜ್ಜಿ. ನಿಲ್ದಾಣದ ಕಂಬದ ಹತ್ರ ಬರೀ ಬುಟ್ಟಿ, ಚೀಲ," ಅಂದಳು ಇಂಜಿನಿಯರ್ ಯಾಳಿನಿ, ಫೋಟೊ ತೋರಿಸುತ್ತ.

ನನ್ನ ಬಾಯಿಗೆ ಬೀಗ ಯಾವತ್ತು ನಿಂತಿದೆ? "ಅಮ್ಮಾ, ಈ ಬಿಸಿಲಲ್ಲಿ ಸಾಲು ನಿಲ್ಲೋದು ಬುಟ್ಟಿಗಳು. ಜನ ಐವತ್ತು ಹೆಜ್ಜೆ ಆಚೆ ಮರದ ಕೆಳಗೆ ತೂಕಡಿಸ್ತಿರ್ತಾರೆ. ಬುಟ್ಟಿ ಎಣಿಸಿ."

ಅವಳು ಫೋಟೊ ಮೇಲೆ ಬೆರಳಿಟ್ಟು ಎಣಿಸಿದಳು. ನಕ್ಷೆಯ ಸೊನ್ನೆ ಹೊಡೆದುಹಾಕಿ ಹನ್ನೊಂದು ಬರೆದಳು. ಬಸ್ಸು ಉಳಿಯಿತು.

"ನಿಮ್ ಆಟೋ ಗತಿ, ಅಣ್ಣಾಚಿ?" ಪೇಚಿಯಮ್ಮ ಕಿಚಾಯಿಸಿದಳು.

"ಅವೂ ಮರದ ಕೆಳಗೆ ಮಲಗ್ಲಿ ಬಿಡು."

ವಡೆ ಮಾರುತ್ತಿದ್ದ ಕಾಲದಲ್ಲಿ ನಾನೂ ಆ ನೆರಳಲ್ಲಿ ಎಷ್ಟು ಮಧ್ಯಾಹ್ನ ನಿದ್ದೆ ಹೋಗಿದ್ದೇನೋ. ಈಗ ಕಣ್ಣು ಮುಚ್ಚಿದರೆ ಮರ ಎಲೆ ಮಡಚಿಕೊಳ್ಳುತ್ತಿದೆ, ಬುಟ್ಟಿಗಳು ಒಂದೊಂದಾಗಿ ತಾವೇ ಬಸ್ಸು ಹತ್ತುತ್ತಿವೆ, ಯಾರೂ ನೂಕುತ್ತಿಲ್ಲ. ಕೊನೆಯದು ನನ್ನ ಹಳೇ ವಡೆಬುಟ್ಟಿ. ಅದು ಹತ್ತುವವರೆಗೂ ಕಂಡಕ್ಟರ್ ಸೀಟಿ ಊದದೆ ಕಾಯುತ್ತಾ…