ಬ್ರೇಕಿಗೆ ಗಾಣದ ಎಣ್ಣೆ

ಅರಸೀಕೆರೆ
೧೦ ಜನವರಿ ೨೦೨೫

ಪ್ರೀತಿಯ ಅಪ್ಪಾಜಿಗೆ,

ಹೇಮಾಳ ನಮಸ್ಕಾರಗಳು. ಹಣೆಯ ಗಾಯ ಒಣಗಿತೆ? ಮೈಸೂರಿನಲ್ಲಿ ಅತ್ತೆ ನಿಮಗೆ ಉಪ್ಪು ಕಡಿಮೆ ಹಾಕುತ್ತಿದ್ದಾರೋ, ಇಲ್ಲ ತಮ್ಮ ಅಣ್ಣ ಬಂದ ಸಂಭ್ರಮದಲ್ಲಿ ದಿನವೂ ಹಪ್ಪಳ ಕರಿಯುತ್ತಿದ್ದಾರೋ? ಬಿ.ಪಿ. ಮಾತ್ರೆ ಮರೆಯಬೇಡಿ. ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ, ಅಂದರೆ ಯಾರೊಂದಿಗೂ ಮಾತಾಡುತ್ತಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಡ್ರೈವರ್ ಗಂಗಯ್ಯನ ಹೆಸರೆತ್ತಿದ ಕೂಡಲೇ ನೀವು ಫೋನ್ ಇಟ್ಟುಬಿಡುತ್ತೀರಿ. ಕಾಗದವಾದರೆ ಹರಿದು ಹಾಕುವ ಮೊದಲು ಒಮ್ಮೆಯಾದರೂ ಓದುತ್ತೀರಿ.

ನಮ್ಮ ಹಳೇ ಅಂಬಾಸಿಡರಿಗೆಂದು ನೀವು ಕೊಯಮತ್ತೂರಿನಿಂದ ತರಿಸಿದ ಡಿಸ್ಕ್ ಬ್ರೇಕಿನ ಪೆಟ್ಟಿಗೆ ಬಂದಿದೆ. "ದೇವರಾಜನ ಗ್ಯಾರೇಜಿಗೆ ಕೊಟ್ಟು ಹಾಕಿಸು, ಮುದುಕಪ್ಪನ ಕಾಲಿನ ಮೇಲೆ ಇನ್ನು ನಂಬಿಕೆ ಬೇಡ" ಎಂದಿರಿ. ನಾನು ಪೆಟ್ಟಿಗೆ ಬಿಚ್ಚಿಲ್ಲ. ನನ್ನನ್ನು ಹತ್ತು ರೂಪಾಯಿ ಪುಸ್ತಕದ ಪಂಡಿತೆ ಅಂತ ಹಂಗಿಸುತ್ತೀರಲ್ಲ, ಹೌದು, ಕೂಲಿಯವರ ಹಕ್ಕೇನು ಅಂತ ತಿಳಿದದ್ದೂ ಅಂಥ ಪುಸ್ತಕಗಳಿಂದಲೇ, ಬ್ರೇಕು ಅಂದರೇನು ಅಂತ ತಿಳಿದದ್ದೂ ತಾತನ ಅಂಬಾಸಿಡರ್ ಜೊತೆ ಬಂದಿದ್ದ ತೆಳು ಕೈಪಿಡಿಯಿಂದಲೇ. ನೀವು ಅದನ್ನು ಒಂದು ದಿನವೂ ತೆರೆಯಲಿಲ್ಲ. ಬ್ರೇಕು ಚಕ್ರವನ್ನು ಮಾತ್ರ ಹಿಡಿಯುತ್ತದೆ, ಗಾಡಿಯನ್ನು ನಿಲ್ಲಿಸುವುದು ಟೈರು. ನಿಮ್ಮ ಟೈರುಗಳು ಪಾಲಿಶ್ ಹಚ್ಚಿಸಿಕೊಂಡು ಹೊಳೆಯುತ್ತವೆ, ಆದರೆ ಕಲ್ಲಿನಷ್ಟು ಗಟ್ಟಿಯಾಗಿ ಬಿರುಕು ಬಿಟ್ಟಿವೆ. ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿದರೆ ಅದಕ್ಕೆ ಒತ್ತಡ ಕೊಡುವ ಹಳೇ ಪಂಪು ಸಾಲುವುದಿಲ್ಲ, ಹಿಂದಿನ ಬ್ರೇಕಿಗೂ ಮುಂದಿನದಕ್ಕೂ ಹೊಂದಾಣಿಕೆ ತಪ್ಪುತ್ತದೆ. ಇವೆಲ್ಲ ಆಮೇಲಿನ ಮಾತು. ಮೊದಲ ಪಾಠ ಇನ್ನೂ ಸಣ್ಣದು: ಬ್ರೇಕ್ ಆಯಿಲ್ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಅದನ್ನು ಹುಡುಕಬೇಕು, ತುಂಬಿಸುತ್ತಾ ಕೂರಬಾರದು.

ನೀವು ತುಂಬಿಸಿದಿರಿ. ದಸರೆಯಿಂದ ಈಚೆಗೆ ಬ್ರೇಕ್ ಆಯಿಲಿನ ಡಬ್ಬಿಯಲ್ಲಿ ಮಟ್ಟ ಇಳಿದಾಗೆಲ್ಲ ನಮ್ಮ ಗಾಣದ ಕೊಬ್ಬರಿ ಎಣ್ಣೆ ಹುಯ್ದಿರಿ. "ನಮ್ಮ ಎಣ್ಣೆಗಿಂತ ಶುದ್ಧ ಯಾವ್ದೈತೆ?" ಅಂತ ಅಮ್ಮನ ಕೈಯಿಂದಲೇ ಜಾಡಿ ತರಿಸಿಕೊಂಡಿರಿ. ಅರಸೀಕೆರೆಯವರಿಗೆ ತಲೆಗೂ ಅದೇ, ಒಗ್ಗರಣೆಗೂ ಅದೇ, ದೇವರ ದೀಪಕ್ಕೂ ಅದೇ, ಕಾರಿಗೇಕೆ ಬೇಡ ಅಂದುಕೊಂಡಿರಿ. ಗಂಗಯ್ಯ ನನ್ನೆದುರಿಗೇ "ಪೆಡಲು ಮೊದಲಿನಂಗಿಲ್ಲ ಯಜಮಾನ್ರೇ" ಅಂದ. "ನಿನ್ನ ಕಾಲೇ ಮೊದಲಿನಂಗಿಲ್ಲ ಕಣಯ್ಯ" ಅಂದಿರಿ. ಅಲ್ಲಿದ್ದವರೆಲ್ಲ ನಕ್ಕರು, ಪಾಪ, ಅವನೂ ನಕ್ಕ.

ಬೇಲೂರಿನ ಹಳೇ ಕಾರುಗಳ ಪ್ರದರ್ಶನಕ್ಕೆ ನೀವು ಜರಿ ಪೇಟ ಸುತ್ತಿಕೊಂಡು ಹೊರಟ ಬೆಳಿಗ್ಗೆ ಎಂಥ ಚಳಿ ಇತ್ತು ನೆನಪಿದೆಯೆ? ಅಮ್ಮ ನನ್ನ ತಲೆಗೆ ಎಣ್ಣೆ ಹಚ್ಚಲು ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸುತ್ತಿದ್ದಳು. ಅದೇ ಹೊತ್ತಿಗೆ ಅದೇ ಎಣ್ಣೆ ಬ್ರೇಕಿನ ಕೊಳವೆಯಲ್ಲೂ ಹೆಪ್ಪುಗಟ್ಟಿ ಕೂತಿತ್ತು. ಒಳಗಿನ ರಬ್ಬರುಗಳು ಅಷ್ಟರಲ್ಲೇ ಊದಿ ಹಾಳಾಗಿದ್ದವು. ಜಾವಗಲ್ ದಾಟುವವರೆಗೆ ಹೇಗೋ ನಡೆಯಿತು. ಹುಲಿಕೆರೆಯ ತಿರುವಿನಲ್ಲಿ ಗಂಗಯ್ಯ ಎಷ್ಟು ಒತ್ತಿದರೂ ಗಾಡಿ ನಿಲ್ಲಲಿಲ್ಲ. ಬಸ್ ತಂಗುದಾಣದ ಕಂಬಕ್ಕೆ ಹೊಡೆದಾಗ ಅವರೆಕಾಯಿ ಚೀಲ ಇಟ್ಟುಕೊಂಡು ನಿಂತಿದ್ದ ಅಂಕಮ್ಮನ ಕೈ ಮುರಿಯಿತು, ಗಂಗಯ್ಯನ ಕಾಲೂ ಮುರಿಯಿತು. ನೀವು ಹಳೇಬೀಡಿನ ಪೊಲೀಸರ ಮುಂದೆ ಹೇಳಿದ್ದು ಒಂದೇ ಮಾತು: "ಬ್ರೇಕು ಸರಿಯಾಗಿತ್ತು, ಇವನು ತೂಕಡಿಸಿದ." ಅಷ್ಟು ವರ್ಷ ನಮ್ಮ ಮನೆಯ ಮದುವೆ, ಮುಂಜಿ, ಆಸ್ಪತ್ರೆ ಎಲ್ಲಕ್ಕೂ ನಿಮ್ಮನ್ನು ಕೂರಿಸಿಕೊಂಡು ಹೋದವನು ಈಗ ಕೇಸಿನಲ್ಲಿ ಅಜಾಗರೂಕ ಚಾಲಕ. ಇನ್ನು ಯಾರು ಅವನ ಕೈಗೆ ಸ್ಟಿಯರಿಂಗ್ ಕೊಡುತ್ತಾರೆ? ನಾನು ನೋಡಲು ಹೋದಾಗ ಅವನು ಕೇಳಿದ್ದೇನು ಗೊತ್ತೆ? "ಅವ್ವಾ, ನಾನು ನಿಜವಾಗ್ಲೂ ತೂಕಡಿಸಿದ್ನಾ?" ನಿಮ್ಮ ಮಾತನ್ನು ಅವನು ತನ್ನ ಕಾಲಿಗಿಂತ ಹೆಚ್ಚು ನಂಬುತ್ತಾನೆ ಅಪ್ಪಾಜಿ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ನಿನ್ನೆ ಬೆಳಗಿನ ಚಳಿಯಲ್ಲೇ ಗ್ಯಾರೇಜಿಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಎಣ್ಣೆಸ್ನಾನದ ದಿನದ ನಮ್ಮ ಬಚ್ಚಲುಮನೆಯ ವಾಸನೆ. ದೇವರಾಜ್ ನೋಡಿ ತಲೆ ತಗ್ಗಿಸಿ ಬೇರೆ ಗಾಡಿಯ ಕಡೆ ಹೋದ. ಅವನಿಗೂ ನಿಮ್ಮ ಭಯ.

ದುಬಾರಿ ಡಿಸ್ಕ್ ಹಾಕಿಸಿದರೆ ಹಳೇ ಬ್ರೇಕಿನ ಜೊತೆ ಈ ಎಣ್ಣೆಯೂ ಗುಜರಿಗೆ ಹೋಗುತ್ತದೆ. ನಿಮಗೆ ಬೇಕಾದದ್ದೂ ಅದೇ ಇರಬಹುದು. ಹಾಗಲ್ಲ ಅನ್ನುವುದಾದರೆ ಬನ್ನಿ. ಸಂಕ್ರಾಂತಿಯ ಒಳಗೆ ಬಂದು ಠಾಣೆಯಲ್ಲಿ ನಿಮ್ಮ ಬಾಯಿಂದಲೇ ಹೇಳಿ. ನೀವೇ ಹೇಳಿದರೆ ಎಳ್ಳು ಬೆಲ್ಲ ಕೊಡುವಾಗ ನಿಮ್ಮ ಮುಖ ನೋಡಬಲ್ಲೆ.

ಅತ್ತೆಗೆ ನನ್ನ ನೆನಪು ತಿಳಿಸಿ. ರಾತ್ರಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಮಲಗಿ.

ನಿಮ್ಮ ಮಗಳು,
ಹೇಮಾಶ್ರೀ

ಮರೆತ ಮಾತು: ಹಳೇಬೀಡಿನ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರಗಳು ಕುಣಿಯುತ್ತಿವೆ. ಸಂಕ್ರಾಂತಿಯವರೆಗೆ ಕಾಯೋಣ ಎಂದು ನಾನೇ ಬರೆದಿದ್ದೆ. ಬೆಳಿಗ್ಗೆ ಎದ್ದರೆ ಅಮ್ಮ ಕಾಗದ ಓದಿ, ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. "ಜಾಡಿ ಕೊಟ್ಟೋಳು ನಾನು, ಮೊದಲು ನಾನು ಹೇಳ್ತೀನಿ" ಅಂದಳು. ಗ್ಯಾರೇಜಿನಲ್ಲಿ ಆ ಡಬ್ಬಿಯಿಂದ ನಾನು ಕೆರೆದು ತಂದಿದ್ದ ಎಣ್ಣೆಯ ಬಾಟಲಿ ಅವಳ ಮಡಿಲಲ್ಲಿದೆ. ಮೈ ಬಿಸಿ ತಾಗದಿರಲಿ ಅಂತ ಒದ್ದೆ ಬಟ್ಟೆ ಸುತ್ತಿದ್ದಾಳೆ. ಬಿಸಿಲೇರಿ ಕರಗುವ ಮೊದಲು ಠಾಣೆಯಲ್ಲಿ ತೋರಿಸಬೇಕು.