ಎದೆಮಟ್ಟದ ನೀರು

ಆರ್ಥಿಕ ಉತ್ತೇಜನ ಪ್ಯಾಕೇಜಿನ ಮರುಪರಿಶೀಲನಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ದುಂದುವೆಚ್ಚವೆಂದು ನೀವು ಗುರುತಿಸಿ ನಿಲ್ಲಿಸಿದ ಕಾಮಗಾರಿಗಳಲ್ಲಿ ಒಂದು ಈಜುಕೊಳವಿದೆ. ಅದು ಈಜುಕೊಳವಲ್ಲ. ಸರ್ಕಾರಿ ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡಿಗೆ ಕಲಿಸಲು ಕಟ್ಟಿದ ಬೆಚ್ಚನೆಯ ನೀರಿನ ತೊಟ್ಟಿ. ಆರು ಜನ ನಿಂತರೆ ಏಳನೆಯವರು ಹೊರಗೆ ಕಾಯಬೇಕು. ನಿಮ್ಮ ಆದೇಶದಂತೆ ನೀರು ಖಾಲಿ ಮಾಡಿ ಬಾಗಿಲಿಗೆ ಬೀಗ ಹಾಕಿದ್ದಾರೆ. ನನ್ನ ಅಣ್ಣನ ನಡಿಗೆ ಒಳಗೇ ಉಳಿದುಕೊಂಡಿದೆ.

ಅಣ್ಣ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಒಂದೊಂದು ಕೋಣೆಯಷ್ಟಿರುವ ಕಂಟೇನರುಗಳನ್ನು ಹಡಗಿನಿಂದ ಎತ್ತಿ ಸದ್ದಾಗದಂತೆ ಲಾರಿಯ ಮೇಲಿಡುತ್ತಿದ್ದ. ಕಳೆದ ವರ್ಷ ಎಡಭಾಗ ಕೈಕೊಟ್ಟ ಮೇಲೆ ಅವನನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿಡಲು ನಾನೂ ಅತ್ತಿಗೆಯೂ ಇಬ್ಬರೂ ಬೇಕಾಯಿತು. ಆ ನೀರಿನಲ್ಲಿ ಮಾತ್ರ ಅವನು ಯಾರ ಹೆಗಲನ್ನೂ ಹಿಡಿಯಲಿಲ್ಲ. ಮೊದಲ ಸಲ ಹಾಗೆ ನಿಂತ ದಿನ, ಟವೆಲ್ ಹಿಡಿದು ಕಂಬಿಯ ಆಚೆಗಿದ್ದ ಅತ್ತಿಗೆ, "ಮದುವೆಯಾದಾಗಿಂದ ನೀವು ನೆಟ್ಟಗೆ ನಿಂತಿದ್ದನ್ನ ಇವತ್ತೇ ನೋಡ್ತಿರೋದು" ಎಂದರು. "ನೀರು ಬೈಯದೇ ನಿಲ್ಸುತ್ತೆ ಕಣೇ" ಎಂದ ಅಣ್ಣ, ಅರ್ಧ ಬಾಯಿಯಲ್ಲಿ. ಇನ್ನೆರಡು ತಿಂಗಳು ಬಿಡದೆ ಬಂದರೆ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ ಎಂದು ವ್ಯಾಯಾಮ ಹೇಳಿಕೊಡುವ ಮೇಡಂ ಹೇಳಿದ್ದರು.

ಸದನದ ಚರ್ಚೆಯನ್ನು ನಾವು ಟಿವಿಯಲ್ಲಿ ನೋಡಿದೆವು. ಖರ್ಚಾದ ಹಣ ಕೈಯಿಂದ ಕೈಗೆ ಓಡಿ ಮಾರುಕಟ್ಟೆಯನ್ನು ಎಬ್ಬಿಸುತ್ತದೆ, ಯಾವುದಕ್ಕೆ ಖರ್ಚಾಯಿತೆಂಬುದು ಮುಖ್ಯವಲ್ಲ ಎಂದರು ಆಳುವವರು. ಎಲ್ಲವೂ ಪೋಲು ಎಂದರು ವಿರೋಧಿಸುವವರು. ಎರಡೂ ವಾದಗಳಿಗೆ ಒಂದು ಅನುಕೂಲವಿದೆ: ಕಟ್ಟಿದ್ದನ್ನು ಹೋಗಿ ನೋಡಬೇಕಾಗಿಲ್ಲ. ಸದಸ್ಯರೊಬ್ಬರು ಎದ್ದು, "ರೋಗಿಗೆ ಮಾತ್ರೆ ಇಲ್ಲ, ಈಜುಕೊಳ ಬೇಕಂತೆ! ಆಪರೇಷನ್ ಆದ್ಮೇಲೆ ಡೈವ್ ಹೊಡೆಸ್ತೀರಾ?" ಎಂದಾಗ ಎರಡೂ ಕಡೆಯವರು ಮೇಜು ಕುಟ್ಟಿ ನಕ್ಕರು. ಅಣ್ಣನೂ ನಕ್ಕ. "ಅಲ್ವೇನೋ ಮತ್ತೆ? ಆಸ್ಪತ್ರೆಗ್ಯಾಕೆ ಈಜುಕೊಳ?" ಎಂದ. "ನಮ್ಮ ದುಡ್ಡು, ಇವರ ಜಲಕ್ರೀಡೆ" ಎಂದು ಅತ್ತಿಗೆ ಚಾನೆಲ್ ಬದಲಿಸಿದರು. ಮುಂದಿನ ವಾರ ಟವೆಲ್ ಮಡಚಿಕೊಂಡು ಹೋದಾಗ ಬಾಗಿಲಿಗೆ ಬೀಗವಿತ್ತು.

ತೊಟ್ಟಿ ಈಜುಕೊಳವಾದದ್ದು ಹೇಗೆಂದು ಮೇಡಂ ವಿವರಿಸಿದರು. ಕಾಮಗಾರಿಯ ಬಗೆಯನ್ನು ನಿಮ್ಮ ಕಚೇರಿಯ ಕಂಪ್ಯೂಟರು ತೋರಿಸುವ ಬಗೆಗಳಿಂದಲೇ ಆರಿಸಬೇಕಂತೆ. "ನೀರು ಅಂತ ಹುಡುಕಿದ್ರೆ ಎರಡೇ ಬಂತು ಸಾರ್. ಈಜುಕೊಳ, ಮೀನು ಸಾಕಣೆ. ಸ್ವಲ್ಪ ಮರ್ಯಾದೆಯಾಗಿ ಕಾಣೋದನ್ನ ಒತ್ತಿದ್ವಿ." ಮೀನು ಸಾಕಣೆಯನ್ನು ಒತ್ತಿದ್ದರೆ ಅಣ್ಣ ಇಷ್ಟು ಹೊತ್ತಿಗೆ ನಡೆಯುತ್ತಿದ್ದನೇ? ಬಹುಶಃ. ಮೀನುಗಳನ್ನು ಕಂಡು ಸದನ ನಗುವುದಿಲ್ಲ.

ತಾವು ಉಳಿಸಿದ್ದಾದರೂ ಏನು? ಸಿಮೆಂಟಿಗೆ, ಟೈಲ್ಸಿಗೆ, ನೀರು ಕಾಯಿಸುವ ಯಂತ್ರಕ್ಕೆ ಹಣ ಕೊಟ್ಟಾಗಿತ್ತು. ಗುತ್ತಿಗೆದಾರ ಅದನ್ನು ವಾಪಸು ತಂದುಕೊಟ್ಟನೇ? ಪೋಲಾಗದೇ ಇದ್ದ ಒಂದನ್ನು ಪೋಲು ಎಂದು ಕರೆದಿರಿ, ಆಮೇಲೆ ನೀರು ಖಾಲಿ ಮಾಡಿಸಿ ಆ ಮಾತನ್ನು ನಿಜ ಮಾಡಿದಿರಿ. ಅದೇ ಪ್ಯಾಕೇಜಿನಲ್ಲಿ ನಿಮ್ಮ ಕಚೇರಿಯ ಮುಂದೆ ಕಾರಂಜಿ ಎದ್ದಿದೆ. ಅದು ನಗರದ ಅಂದ ಎಂಬ ಬಾಬ್ತಿಗೆ ಸೇರಿದ್ದು. ಅದರ ಹೆಸರು ಬಂದಾಗ ಯಾರೂ ನಗಲಿಲ್ಲ. ಕಾರಂಜಿಯಿಂದ ಯಾರಾದರೂ ಉಪಯೋಗ ನಿರೀಕ್ಷಿಸುತ್ತಾರೆಯೇ?

ನನಗೆ ಸಿಟ್ಟು ಬರಬೇಕಿತ್ತು. ಅದು ಬರುವ ಜಾಗವನ್ನು ಮುಟ್ಟಿ ನೋಡಿಕೊಂಡರೆ ಅಲ್ಲಿ ಏನೂ ತಿಳಿಯುವುದಿಲ್ಲ. ಎಡಗಾಲಿನ ಬಗ್ಗೆ ಅಣ್ಣ ಹೇಳುವುದೂ ಹೀಗೆಯೇ: "ಇದೆ ಕಣೋ. ನಂದು ಅನ್ಸಲ್ಲ."

ಮೊನ್ನೆ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಿಮ್ಮನ್ನು ಕಾಣಲು ಬಂದಿದ್ದೆ. "ಸಾಹೇಬ್ರು ಮೀಟಿಂಗಲ್ಲಿದಾರೆ, ಮೆಟ್ಲು ಹತ್ತಿ ಮೇಲೆ ಬಂದು ಕಾಯ್ರಿ" ಎಂದ ನಿಮ್ಮ ಜವಾನ. ನಾವು ಕೆಳಗೇ, ಕಾರಂಜಿಯ ಕಟ್ಟೆಯ ಪಕ್ಕ ಕಾದೆವು. ಅಣ್ಣ ಬಹಳ ಹೊತ್ತು ನೀರನ್ನೇ ನೋಡುತ್ತಿದ್ದು, "ಎಷ್ಟು ಆಳ ಇರ್ಬೋದೋ ಇದು?" ಎಂದ. ಕೈಯಲ್ಲಿದ್ದ ಕೊಡೆಯನ್ನು ನೀರಿಗೆ ಇಳಿಸಿ ನೋಡಿದೆ. ಮೊಣಕಾಲಿಗೂ ಬರುವುದಿಲ್ಲ.

"ಸಾಲಲ್ಲ" ಎಂದೆ.

"ಹಾಗಾದ್ರೆ ಬಿಡು" ಎಂದ.

ಕೇಳುವುದು ಇಷ್ಟೇ. ಬೀಗ ತೆಗೆಸಿ, ತೊಟ್ಟಿಗೆ ನೀರು ತುಂಬಿಸಿ. ಅದಕ್ಕೆ ಬಾಬ್ತು ಇಲ್ಲವೆಂದಾದರೆ ಕಾರಂಜಿಯ ಕೊಳವನ್ನು ಎದೆಮಟ್ಟ ಅಗೆಸಿ, ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಿ. ಹೊಸ ಕಾಮಗಾರಿಯಾಗುತ್ತದೆ, ಮಾರುಕಟ್ಟೆಯೂ ಎದ್ದೀತು. ಅಣ್ಣ ನಿಮ್ಮ ಕಿಟಕಿಯ ಕೆಳಗೇ ನಿಂತಿರುತ್ತಾನೆ. ಹೋಗಿ ನೋಡುವ ಕಷ್ಟವೂ ಇಲ್ಲ, ಬಗ್ಗಿದರೆ ಸಾಕು.

ಇಂತಿ,
ಆ ಈಜುಕೊಳದಲ್ಲಿ ಒಂದು ಸಲವೂ ಈಜದವನ ತಮ್ಮ